ಕೂಸಿಗೊಂದು ಕುಲಾವಿ, ಜೊತೆಗೊಂದು ಹೊದಿಕೆ: ಹೊಸದಾಗಿ ಹೆಣಿಗೆ ಕಲಿಯುವವರಿಗೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಅಂತ ನಮ್ಮಲ್ಲಿ ಗೇಲಿ ಮಾಡುತ್ತಾರೆ. ಹೆಣಿಗೆ ಹಾಕುವವರು ಈ ಗಾದೆಯನ್ನು ಪಕ್ಕಕ್ಕಿಡಬೇಕು. ಮಗು ಹುಟ್ಟಿದ ಮೇಲೆ ಕಡ್ಡಿ ಹಿಡಿದರೆ ಕುಲಾವಿ ಮುಗಿಯುವಷ್ಟರಲ್ಲಿ ತಲೆ ದೊಡ್ಡದಾಗಿರುತ್ತದೆ. ಮೊದಲ ಮೂರು ತಿಂಗಳು ಮಗುವಿನ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದೆ. ಆಮೇಲಿನ ಮೂರು ತಿಂಗಳು ತಿಂಗಳಿಗೆ 1 ಸೆಂ.ಮೀ. ನಮ್ಮ ಕೈ ಅಷ್ಟು ಬೇಗ ಓಡುವುದಿಲ್ಲ. ಹುಟ್ಟುವ ಮುಂಚೆ ಮಗುವಿಗೆ ಏನೂ ತಂದಿಡಬಾರದು ಅನ್ನುವ ಮನೆಯಾದರೆ ಹೆಣೆದದ್ದನ್ನು ನಿಮ್ಮ ಮನೆಯಲ್ಲೇ ಇಟ್ಟುಕೊಂಡು ನಾಮಕರಣಕ್ಕೆ ಕೊಡಿ. ಜಗಳ ಇಲ್ಲ.

ಈ ಲೇಖನದಲ್ಲಿ ಎರಡು ವಸ್ತುಗಳ ಲೆಕ್ಕ ಪೂರ್ತಿ ಇದೆ. ಒಂದು ಹೊದಿಕೆ, ಒಂದು ಕುಲಾವಿ. ಸ್ವೆಟರ್ ಬಗ್ಗೆ ಸ್ವಲ್ಪ ಮಾತ್ರ. ಮೊದಲ ಸಲವೇ ಸ್ವೆಟರಿಗೆ ಕೈಹಾಕಿದವರು ಒಂದು ತೋಳು ಮುಗಿಸಿ ಇನ್ನೊಂದನ್ನು ಬೀರುವಿನಲ್ಲಿ ಮರೆಯುವುದೇ ಜಾಸ್ತಿ.

ಉಲ್ಲನ್ ಆರಿಸುವುದು

ಅಂಗಡಿಯಲ್ಲಿ ಬಣ್ಣ ನೋಡುವ ಮುಂಚೆ ಉಂಡೆಯನ್ನು ಕತ್ತಿಗೆ ಒತ್ತಿಕೊಂಡು ನೋಡಿ. ಅಂಗೈ ಚರ್ಮ ದಪ್ಪ, ಅದಕ್ಕೆ ಒರಟುತನ ಗೊತ್ತಾಗುವುದಿಲ್ಲ. ಕತ್ತಿನಲ್ಲಿ ಒಂದು ನಿಮಿಷ ಇಟ್ಟುಕೊಂಡಾಗ ಚುಚ್ಚಿದರೆ ಮಗುವಿಗೆ ಖಂಡಿತ ಬೇಡ. ನಮ್ಮ ದಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಆದರೆ ಕೂಸಿನ ಮೈಗೆ ತಾಕುವಂಥದ್ದಲ್ಲ. ಎಳೆ ಬಹಳ ಒರಟು.

ಕರ್ನಾಟಕದ ಊರುಗಳಲ್ಲಿ ಸುಲಭವಾಗಿ ಸಿಗುವುದು ಅಕ್ರಿಲಿಕ್. ಲೂಧಿಯಾನದ ವರ್ಧಮಾನ್, ಓಸ್ವಾಲ್ ಮುಂತಾದ ಕಂಪನಿಗಳ ಉಂಡೆಗಳು ಫ್ಯಾನ್ಸಿ ಸ್ಟೋರುಗಳಲ್ಲೂ ಲೇಸು-ಗುಂಡಿ ಮಾರುವ ಅಂಗಡಿಗಳಲ್ಲೂ ಇರುತ್ತವೆ. 'ಬೇಬಿ ಉಲ್ಲನ್' ಅಂತ ಕೇಳಿದರೆ ತೆಳುವಾದ, ಮೆತ್ತಗಿನ ದಾರ ತೋರಿಸುತ್ತಾರೆ. ಅಕ್ರಿಲಿಕ್ ಅಗ್ಗ, ಮೆಷಿನ್‌ನಲ್ಲಿ ಒಗೆಯಬಹುದು, ಬೇಗ ಒಣಗುತ್ತದೆ. ಮೆರಿನೋ ಉಣ್ಣೆ ಮೆತ್ತಗೆ, ಬೆಚ್ಚಗೆ, ಬೆಲೆ ಮಾತ್ರ ಜಾಸ್ತಿ. ಅದನ್ನು ಕೊಳ್ಳುವುದಾದರೆ ಲೇಬಲ್ ಮೇಲೆ 'ಸೂಪರ್‌ವಾಶ್' ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಬಿಸಿನೀರಿನಲ್ಲಿ ಒಂದು ಸಲ ಒಗೆದರೆ ಸಾಕು, ಸ್ವೆಟರ್ ಕುಗ್ಗಿ ಗೊಂಬೆಯ ಅಳತೆಗೆ ಬರುತ್ತದೆ. ಬಾಣಂತಿ ಮನೆಯಲ್ಲಿ ದಿನಕ್ಕೆ ಮೂರು ಸಲ ಬಟ್ಟೆ ನೆನೆಯುತ್ತದೆ. ಉಣ್ಣೆಗೆ ಬೇರೆ ಬಕೆಟ್, ಬೇರೆ ಸೋಪು ಅಂತ ಯಾರೂ ನೋಡಿಕೊಂಡು ಕೂರುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಒಗೆಯುವವರಿಗೆ ಕಷ್ಟವಾಗುವ ಉಡುಗೊರೆ ಉಡುಗೊರೆಯೇ ಅಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆ ಇರುವವರಿಗೆ ಉಲ್ಲನ್ ಬೇಕೇ ಆಗಿಲ್ಲ. ಅಲ್ಲಿ ಹತ್ತಿ ದಾರದಲ್ಲೇ ಹೆಣೆಯಿರಿ. ಹತ್ತಿ ಬೆವರು ಹೀರುತ್ತದೆ. ಆದರೆ ಉಲ್ಲನ್ನಿನ ಹಾಗೆ ಹಿಗ್ಗಿ ಮತ್ತೆ ಕುಗ್ಗುವುದಿಲ್ಲ, ತೂಕವೂ ಜಾಸ್ತಿ. ಬೆಂಗಳೂರು, ಮೈಸೂರಿಗೆ ತೆಳು ಅಕ್ರಿಲಿಕ್ ಸಾಕು. ಮಡಿಕೇರಿ, ಚಿಕ್ಕಮಗಳೂರಿನ ಮಳೆಗಾಲಕ್ಕೆ ಇನ್ನೂ ಸ್ವಲ್ಪ ದಪ್ಪದ್ದು ಇರಲಿ.

ಒಂದು ಎಚ್ಚರಿಕೆ. ನಮ್ಮ ಮನೆಗಳಲ್ಲಿ ಮಗುವಿಗೆ ಎರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುವ ರೂಢಿ ಇದೆ. ಅಕ್ರಿಲಿಕ್ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಹಾಗಲ್ಲ, ಅದಕ್ಕೆ ಬೆಂಕಿ ಹತ್ತುವುದೇ ಕಷ್ಟ. ಆದ್ದರಿಂದ ಅಕ್ರಿಲಿಕ್ ಕುಲಾವಿ, ಹೊದಿಕೆ ಕೆಂಡದ ಹತ್ತಿರ ಹೋಗಬಾರದು. ಹೊಗೆ ಮಗುವಿನ ಉಸಿರಿಗೂ ಒಳ್ಳೆಯದಲ್ಲ, ಆದರೆ ಅದನ್ನು ಅಜ್ಜಿಗೆ ಹೇಳುವ ಧೈರ್ಯ ನಿಮಗೆ ಬಿಟ್ಟಿದ್ದು.

ಜೂಲು ಇರುವ ದಾರ, ಮಿಂಚುವ ಜರಿ ಸೇರಿದ ದಾರ, ರೋಮ ಉದುರುವ ಮೊಹೇರ್ ಬೇಡ. ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಇನ್ನೊಂದು ವಿಷಯ, ಬೇಕಾದಷ್ಟನ್ನೂ ಒಂದೇ ಸಲ ಕೊಳ್ಳಿ. ಲೇಬಲ್ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್ ಇರುತ್ತದೆ. ಎಲ್ಲ ಉಂಡೆಗೂ ಅದು ಒಂದೇ ಇರಲಿ. ಬೇರೆ ಲಾಟ್ ಆದರೆ ಅದೇ ತಿಳಿ ಹಳದಿಯೂ ಅರ್ಧ ಹೊದಿಕೆ ಆದಮೇಲೆ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಕಡ್ಡಿ ಮತ್ತು ಕೈ

ನಮ್ಮ ಅಂಗಡಿಗಳಲ್ಲಿ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರೇ ಇನ್ನೂ ನಡೆಯುತ್ತಿದೆ. ಈ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು. 8ನೇ ನಂಬರ್ ಅಂದರೆ 4 ಮಿ.ಮೀ., 9 ಅಂದರೆ 3.75, 10 ಅಂದರೆ 3.25, 11 ಅಂದರೆ 3 ಮಿ.ಮೀ. ಇಂಟರ್ನೆಟ್‌ನಲ್ಲಿ ಸಿಗುವ ಅಮೆರಿಕದ ವಿನ್ಯಾಸಗಳಲ್ಲಿ ಇದು ತಲೆಕೆಳಗು, ಅಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಅದಕ್ಕೇ ನಂಬರ್ ಬಿಟ್ಟು ಮಿಲಿಮೀಟರ್ ಕೇಳಿ.

ಶುರುವಿಗೆ 8 ಮತ್ತು 10ನೇ ನಂಬರಿನ ಒಂದೊಂದು ಜೊತೆ ಸಾಕು. ಹೊದಿಕೆಗೆ ಮಾತ್ರ ಎರಡು ಕಡ್ಡಿಯ ನಡುವೆ ಉದ್ದ ವಯರ್ ಇರುವ ಸರ್ಕ್ಯುಲರ್ ಕಡ್ಡಿ, 4 ಮಿ.ಮೀ. ದಪ್ಪದ್ದು, 80 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ್ದು ತನ್ನಿ. ನೂರಾರು ಕುಣಿಕೆಗಳು ನೇರ ಕಡ್ಡಿಯಲ್ಲಿ ಹಿಡಿಸುವುದಿಲ್ಲ. ಸರ್ಕ್ಯುಲರ್ ಆದರೆ ಹೊದಿಕೆಯ ಭಾರವೂ ಮಣಿಕಟ್ಟಿನ ಬದಲು ತೊಡೆಯ ಮೇಲೆ ಬೀಳುತ್ತದೆ. ಇದರ ಜೊತೆ ದೊಡ್ಡ ಕಣ್ಣಿನ ಮೊಂಡು ಸೂಜಿ, ಒಂದು ಟೇಪು, ಕತ್ತರಿ. ಇಷ್ಟೇ.

ಸೀದಾ ಕುಣಿಕೆ ಹೀಗೆ: ದಾರ ಹಿಂದೆ ಇರಲಿ. ಬಲಗಡೆಯ ಕಡ್ಡಿಯನ್ನು ಎಡಗಡೆಯ ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ. ತುದಿಗೆ ದಾರ ಸುತ್ತಿ ಹೊಸ ಕುಣಿಕೆಯನ್ನು ಎಳೆದುಕೊಳ್ಳಿ. ಹಳೆಯದನ್ನು ಎಡಗಡ್ಡಿಯಿಂದ ಜಾರಿಸಿ. ಉಲ್ಟಾಗೆ ದಾರವನ್ನು ಮುಂದೆ ತಂದು, ಕಡ್ಡಿಯನ್ನು ಹಿಂದಿನಿಂದ ಮುಂದಕ್ಕೆ ತೂರಿಸಿ ಅದೇ ಕೆಲಸ. ಓದಿದಾಗ ಗೋಜಲು ಅನ್ನಿಸುತ್ತದೆ, ನೋಡಿದರೆ ಅರ್ಧ ಗಂಟೆಯ ಪಾಠ. ಮನೆಯಲ್ಲಿ ಸ್ವೆಟರ್ ಹಾಕಲು ಬರುವ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಪಕ್ಕದಲ್ಲಿ ಕೂತು ಕಲಿಯಿರಿ. ವಿಡಿಯೊ ನಿಮ್ಮ ಕೈ ನೋಡಿ "ಅಷ್ಟು ಬಿಗಿ ಹಿಡೀಬೇಡ" ಅಂತ ಹೇಳುವುದಿಲ್ಲ, ಅಲ್ವಾ?

ಮೊದಲು ಹೊದಿಕೆ

ಇದಕ್ಕೆ ಸೀದಾ ಒಂದೇ ಬಂದರೆ ಸಾಕು. ಎಲ್ಲ ಸಾಲೂ ಸೀದಾ ಹೆಣೆದರೆ ಬಟ್ಟೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಅಂಚು ಸುರುಳಿ ಸುತ್ತುವುದಿಲ್ಲ. ಮೂಲೆಯಿಂದ ಮೂಲೆಗೆ ಹೆಣೆಯುವ ಈ ಕ್ರಮದಲ್ಲಿ ಅಳತೆಯ ತಲೆನೋವೂ ಇಲ್ಲ. ಡಿ.ಕೆ. ಅನ್ನುವ ಮಧ್ಯಮ ದಪ್ಪದ ದಾರ ತೆಗೆದುಕೊಳ್ಳಿ. 75 ಸೆಂ.ಮೀ. ಚೌಕದ ಹೊದಿಕೆಗೆ 300ರಿಂದ 350 ಗ್ರಾಂ ಹಿಡಿಯುತ್ತದೆ. 400 ತಂದರೆ ನೆಮ್ಮದಿ.

ಕಡ್ಡಿಗೆ 4 ಕುಣಿಕೆ ಹಾಕಿ. ಒಂದು ಸಾಲು ಸುಮ್ನೆ ಸೀದಾ ಹೆಣೆಯಿರಿ.

ಮುಂದಿನ ಪ್ರತಿ ಸಾಲೂ ಹೀಗೆ: 2 ಸೀದಾ, ಮೂರನೆಯ ಕುಣಿಕೆಯನ್ನು ಎರಡಾಗಿಸಿ, ಉಳಿದದ್ದೆಲ್ಲ ಸೀದಾ. ಎರಡಾಗಿಸುವುದು ಅಂದರೆ ಒಂದೇ ಕುಣಿಕೆಯಲ್ಲಿ ಮುಂದಿನಿಂದ ಒಮ್ಮೆ ಹೆಣೆದು, ಜಾರಿಸದೆ, ಅದರ ಹಿಂದಿನ ಎಳೆಯಲ್ಲಿ ಇನ್ನೊಮ್ಮೆ ಹೆಣೆಯುವುದು. ಹೀಗೆ ಪ್ರತಿ ಸಾಲಿಗೂ ಒಂದು ಕುಣಿಕೆ ಹೆಚ್ಚುತ್ತದೆ, ತ್ರಿಕೋನ ಬೆಳೆಯುತ್ತದೆ.

ತ್ರಿಕೋನದ ಓರೆ ಅಂಚನ್ನು ಅಳೆಯಿರಿ. ಅದು 75 ಸೆಂ.ಮೀ. ಆದಾಗ ಇಳಿಸಲು ಶುರು. ಆ ಹೊತ್ತಿಗೆ ಕಡ್ಡಿಯ ಮೇಲೆ ಇನ್ನೂರಕ್ಕೂ ಮೇಲೆ ಕುಣಿಕೆ ಇರುತ್ತವೆ, ಹೆದರಬೇಡಿ.

ಇಳಿಸುವ ಸಾಲು: 2 ಸೀದಾ, ಮುಂದಿನ ಎರಡು ಕುಣಿಕೆ ಒಟ್ಟಿಗೆ ಸೀದಾ, ಉಳಿದದ್ದೆಲ್ಲ ಸೀದಾ. 4 ಕುಣಿಕೆ ಉಳಿಯುವ ತನಕ ಇದೇ. ಆಮೇಲೆ ಕುಣಿಕೆ ಮುಚ್ಚಿ, ಅಂದರೆ ಎರಡು ಕುಣಿಕೆ ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಕಡ್ಡಿಯಿಂದ ಬಿಡುತ್ತಾ ಹೋಗಿ, ಕೊನೆಯ ಕುಣಿಕೆಯೊಳಗೆ ದಾರ ಎಳೆದು ಬಿಗಿಯಿರಿ.

ದಾರ ಸಾಲುತ್ತೋ ಇಲ್ಲವೋ ಅನ್ನುವ ಚಿಂತೆಗೆ ಒಂದು ಉಪಾಯ ಇದೆ. ಶುರು ಮಾಡುವ ಮುಂಚೆ ಉಂಡೆಗಳನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಇಳಿಯುವ ತ್ರಿಕೋನಕ್ಕೂ ಏರುವ ತ್ರಿಕೋನದಷ್ಟೇ ದಾರ ಬೇಕು. ಆದ್ದರಿಂದ ಅರ್ಧಕ್ಕೆ ಹತ್ತು ಗ್ರಾಂ ಕಡಿಮೆ ಖರ್ಚಾದಾಗ ಇಳಿಸಲು ತೊಡಗಿದರೆ ದಾರ ಎಂದೂ ಕೈಕೊಡುವುದಿಲ್ಲ. ಅಳತೆ ಎಷ್ಟೇ ಬರಲಿ, ಚೌಕ ಚೌಕವೇ.

ದಾರಕ್ಕೆ ದಾರ ಸೇರಿಸುವಾಗ ನಡುವೆ ಗಂಟು ಹಾಕಬೇಡಿ. ಸಾಲಿನ ಕೊನೆಯಲ್ಲಿ ಹೊಸ ದಾರ ಹಿಡಿಯಿರಿ, ಎರಡಕ್ಕೂ ಒಂದು ಗೇಣು ಬಾಲ ಬಿಡಿ. ಕೊನೆಗೆ ಮೊಂಡು ಸೂಜಿಯಲ್ಲಿ ಅದನ್ನು ಒಂದು ದಿಕ್ಕಿಗೆ ಸ್ವಲ್ಪ ದೂರ, ಮತ್ತೆ ವಾಪಸ್ ಸ್ವಲ್ಪ ದೂರ ಪೋಣಿಸಿ ಕತ್ತರಿಸಿ. ಸಡಿಲ ಎಳೆ ಉಳಿದರೆ ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡದ ಹಾಗೆ ಬಿಗಿಯಬಹುದು. ಮಕ್ಕಳ ಡಾಕ್ಟರುಗಳು ಇಂಥದ್ದನ್ನು ನೋಡಿರುತ್ತಾರೆ. ತೂತು ತೂತಾದ ಲೇಸ್ ವಿನ್ಯಾಸವನ್ನು ಕೂಸಿನ ಹೊದಿಕೆಗೆ ಹಾಕಬೇಡಿ ಅನ್ನುವುದೂ ಇದಕ್ಕೇ. ಫೋಟೊದಲ್ಲಿ ಚೆನ್ನ, ಆದರೆ ತೂತಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ.

ಕುಲಾವಿಗೆ ಮುಂಚೆ ಒಂದು ತುಂಡು

ಹೊದಿಕೆ 3 ಸೆಂ.ಮೀ. ಹೆಚ್ಚುಕಮ್ಮಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಕುಲಾವಿಯಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ಸ್ಯಾಂಪಲ್ ತುಂಡು ಬೇಕೇ ಬೇಕು. 8ನೇ ನಂಬರ್ ಕಡ್ಡಿಗೆ 30 ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಅಂತ 12 ಸೆಂ.ಮೀ. ಹೆಣೆಯಿರಿ. ಎಳೆಯದೆ ಮೇಜಿನ ಮೇಲೆ ಹಾಸಿ, ನಡುವಿನ 10 ಸೆಂ.ಮೀ.ಯಲ್ಲಿ ಎಷ್ಟು ಕುಣಿಕೆ ಇವೆ ಎಣಿಸಿ. 22 ಬಂದರೆ ಕೆಳಗಿನ ಲೆಕ್ಕ ಹಾಗೇ ಕೂರುತ್ತದೆ. 24 ಬಂದರೆ ನಿಮ್ಮ ಕೈ ಬಿಗಿ. ಹಾಗೇ ಮುಂದುವರಿದರೆ 36 ಸೆಂ.ಮೀ.ಯ ಕುಲಾವಿ 33ಕ್ಕೆ ನಿಲ್ಲುತ್ತದೆ. ಒಂದು ಅಳತೆ ದಪ್ಪ ಕಡ್ಡಿ ಹಿಡಿಯಿರಿ. 20 ಬಂದರೆ ತೆಳು ಕಡ್ಡಿ. ಬಿಗಿ ಹಿಡಿಯಬಾರದು, ಸಡಿಲ ಬಿಡಬೇಕು ಅಂತ ಕೈಯನ್ನು ಬದಲಾಯಿಸಲು ಹೋಗಬೇಡಿ, ಹತ್ತು ಸಾಲಿಗೆ ಕೈ ಮತ್ತೆ ತನ್ನ ದಾರಿ ಹಿಡಿಯುತ್ತದೆ. ಕಡ್ಡಿ ಬದಲಾಯಿಸುವುದೇ ಸರಿ.

ಕುಲಾವಿ

ಕುಲಾವಿ ತಲೆಗಿಂತ ಸ್ವಲ್ಪ ಚಿಕ್ಕದಿರಬೇಕು. ಹಿಗ್ಗಿ ಕೂತರೆ ಜಾರುವುದಿಲ್ಲ. ತಲೆಯ ಅಳತೆಗೇ ಹೆಣೆದರೆ ಕಣ್ಣ ಮೇಲೆ ಬರುತ್ತದೆ. ಹುಟ್ಟಿದ ಮಗುವಿನ ತಲೆ ಸುಮಾರು 34 ಸೆಂ.ಮೀ. ಅದಕ್ಕೆ 72 ಕುಣಿಕೆ ಹಾಕಿ. ಮೂರರಿಂದ ಆರು ತಿಂಗಳಿಗೆ 40–42 ಸೆಂ.ಮೀ., 82 ಕುಣಿಕೆ. ಒಂದು ವರ್ಷಕ್ಕೆ 45–46 ಸೆಂ.ಮೀ., 92 ಕುಣಿಕೆ. ನಾನು ಹೇಳುವುದು ಯಾವಾಗಲೂ 82ರದ್ದು. ಹುಟ್ಟಿದ ಅಳತೆಯದು ಹೆಚ್ಚು ದಿನ ಬರುವುದಿಲ್ಲ, ಅಂಥದ್ದನ್ನು ಎಲ್ಲರೂ ಕೊಟ್ಟಿರುತ್ತಾರೆ ಕೂಡ.

10ನೇ ನಂಬರ್ ಕಡ್ಡಿಗೆ 82 ಕುಣಿಕೆ ಸಡಿಲವಾಗಿ ಹಾಕಿ. ಒಂದು ಸೀದಾ, ಒಂದು ಉಲ್ಟಾ ಅಂತ 4 ಸೆಂ.ಮೀ. ಬಾರ್ಡರ್ ಹೆಣೆಯಿರಿ. ಕುಣಿಕೆಗಳು ಸರಿಸಂಖ್ಯೆ ಆದ್ದರಿಂದ ಪ್ರತಿ ಸಾಲೂ ಸೀದಾದಿಂದಲೇ ಶುರುವಾಗುತ್ತದೆ.

8ನೇ ನಂಬರ್ ಕಡ್ಡಿಗೆ ಬದಲಾಗಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಬಾರ್ಡರ್ ಸೇರಿ 12 ಸೆಂ.ಮೀ. ಆಗುವ ತನಕ ಹೆಣೆದು, ಉಲ್ಟಾ ಸಾಲಿಗೆ ನಿಲ್ಲಿಸಿ. ಬಾರ್ಡರ್ ಮಡಚಿ ಹಾಕುವ ಥರ ಬೇಕಿದ್ದರೆ 15 ಸೆಂ.ಮೀ. ಮಾಡಿ. ಮಗು ಬೆಳೆದಂತೆ ಮಡಿಕೆ ಬಿಚ್ಚಬಹುದು.

ಈಗ ನೆತ್ತಿ. ಮೊದಲ ಇಳಿಕೆ: 1 ಸೀದಾ, ನಂತರ "6 ಸೀದಾ, 2 ಒಟ್ಟಿಗೆ" ಅನ್ನುವುದನ್ನು ಹತ್ತು ಸಲ, ಕೊನೆಗೆ 1 ಸೀದಾ. 72 ಉಳಿಯುತ್ತವೆ. ವಾಪಸ್ ಬರುವ ಸಾಲು ಪೂರ್ತಿ ಉಲ್ಟಾ.

ಮುಂದಿನ ಸೀದಾ ಸಾಲಿನಲ್ಲಿ "5 ಸೀದಾ, 2 ಒಟ್ಟಿಗೆ", ಅದರ ಮುಂದಿನದರಲ್ಲಿ 4, ಆಮೇಲೆ 3, 2, 1. ನಡುವೆ ಒಂದೊಂದು ಉಲ್ಟಾ ಸಾಲು ಇದ್ದೇ ಇರುತ್ತದೆ. ಪ್ರತಿ ಇಳಿಕೆಗೂ ಹತ್ತು ಕುಣಿಕೆ ಕಡಿಮೆ: 62, 52, 42, 32, 22. ಕೊನೆಯ ಸೀದಾ ಸಾಲಿನಲ್ಲಿ 1 ಸೀದಾ, ಬರೀ "2 ಒಟ್ಟಿಗೆ" ಹತ್ತು ಸಲ, 1 ಸೀದಾ. 12 ಉಳಿಯುತ್ತವೆ.

ದಾರವನ್ನು ಒಂದೂವರೆ ಗೇಣು ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ, 12 ಕುಣಿಕೆಗಳ ಮೂಲಕ ಎರಡು ಸಲ ತೂರಿಸಿ ಬಿಗಿಯಾಗಿ ಎಳೆಯಿರಿ. ಅದೇ ದಾರದಿಂದ ಹಿಂಬದಿಯ ಹೊಲಿಗೆ ಹಾಕುತ್ತಾ ಕೆಳಗೆ ಬನ್ನಿ. ಹೊಲಿಗೆ ಉಬ್ಬಬಾರದು, ಮಗು ಅದರ ಮೇಲೆಯೇ ತಲೆಯಿಟ್ಟು ಮಲಗುತ್ತದೆ.

ಬೇರೆ ಅಳತೆಗೂ ಇದೇ ಲೆಕ್ಕ. 72 ಆದರೆ "5 ಸೀದಾ"ದಿಂದ ಇಳಿಸಲು ಶುರು ಮಾಡಿ, ನೇರ ಭಾಗ 10 ಸೆಂ.ಮೀ. ಸಾಕು. 92 ಆದರೆ "7 ಸೀದಾ"ದಿಂದ, ನೇರ ಭಾಗ 14.

ನಮ್ಮ ಹಳೆಯ ಕುಲಾವಿಗೆ ಗದ್ದದ ಕೆಳಗೆ ಕಟ್ಟುವ ದಾರ ಇರುತ್ತಿತ್ತು. ಅದನ್ನು ಹಾಕಬೇಡಿ. ಕತ್ತಿನ ಹತ್ತಿರ ಯಾವ ದಾರವೂ ಬೇಡ. ಮಣಿ, ಮುತ್ತು, ಅಂಟಿಸಿದ ಹೂವೂ ಬೇಡ. ಚೆಂಡಿನಂಥ ಕುಚ್ಚು ಹಾಕಲೇಬೇಕು ಅಂದರೆ ಎಳೆ ಕಿತ್ತು ಬರದ ಹಾಗೆ ಗಟ್ಟಿಯಾಗಿ ಹೊಲಿಯಿರಿ.

ಮಲಗುವಾಗ

ಇಲ್ಲಿ ಅಜ್ಜಿಯರಿಗೂ ಮಕ್ಕಳ ಡಾಕ್ಟರುಗಳಿಗೂ ಹೊಂದುವುದಿಲ್ಲ. "ಕಿವಿಗೆ ಗಾಳಿ ಹೋಗುತ್ತೆ, ಟೋಪಿ ತೆಗೀಬೇಡ" ಅನ್ನುವುದು ಒಂದು ಕಡೆ. ಇನ್ನೊಂದು ಕಡೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಸಲಹೆಯಲ್ಲಿ ಹುಟ್ಟಿದ ಮೊದಲ ಕೆಲವು ಗಂಟೆ ಮತ್ತು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಿಟ್ಟರೆ ಮನೆಯೊಳಗೆ ಮಗುವಿಗೆ ಟೋಪಿ ಬೇಡ ಅಂದಿದೆ. ಕೂಸಿನ ಮೈಬಿಸಿಯ ದೊಡ್ಡ ಪಾಲು ತಲೆಯಿಂದ ಹೊರಗೆ ಹೋಗುತ್ತದೆ, ಅದನ್ನು ಮುಚ್ಚಿದರೆ ಮೈ ವಿಪರೀತ ಬಿಸಿಯಾಗಬಹುದು. ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು ಇರಬಾರದು ಅನ್ನುವುದೂ ಅದೇ ಸಲಹೆ. ಹೊದಿಕೆ ಮುಖದ ಮೇಲೆ ಬಂದರೆ ಕೂಸಿಗೆ ತಳ್ಳಲು ಬರುವುದಿಲ್ಲ.

ಹಾಗಾದರೆ ಹೆಣೆದ ಹೊದಿಕೆ ಯಾತಕ್ಕೆ? ಮಡಿಲಲ್ಲಿ ಹಾಲು ಕುಡಿಸುವಾಗ, ಮಗು ಎಚ್ಚರವಿದ್ದು ಯಾರಾದರೂ ಎತ್ತಿಕೊಂಡಿರುವಾಗ, ಹೊರಗೆ ಕರೆದೊಯ್ಯುವಾಗ, ನೆಲದ ಮೇಲೆ ಹಾಸಿ ಬೋರಲು ಹಾಕುವಾಗ. ಕೆನಡಾದಲ್ಲೋ ನ್ಯೂಜೆರ್ಸಿಯಲ್ಲೋ ಮೊಮ್ಮಗುವಿಗೆ ಕಳಿಸುತ್ತಿದ್ದರೆ ಇನ್ನೊಂದು ಮಾತು. ಕಾರ್ ಸೀಟಿನಲ್ಲಿ ಬೆಲ್ಟ್ ಮೊದಲು ಮೈಗೆ ತಾಗಿ ಬಿಗಿಯಬೇಕು, ಹೊದಿಕೆ ಅದರ ಮೇಲೆ. ಬೆಲ್ಟಿನ ಕೆಳಗೆ ದಪ್ಪ ಬಟ್ಟೆ ಇದ್ದರೆ ಬೆಲ್ಟ್ ಸಡಿಲವೇ.

ಸ್ವೆಟರ್ ಹಾಕುವ ಧೈರ್ಯ ಬಂದಾಗ

ಮೊದಲು ತಿಂಗಳ ಲೆಕ್ಕ ಹಾಕಿ. ಮಗು ಏಪ್ರಿಲ್‌ನಲ್ಲಿ ಹುಟ್ಟಿದರೆ ಚಳಿ ಬರುವ ಡಿಸೆಂಬರ್‌ಗೆ ಅದಕ್ಕೆ ಎಂಟು ತಿಂಗಳು. ಹುಟ್ಟಿದ ಅಳತೆಗೆ ಹೆಣೆದ ಸ್ವೆಟರ್ ಬೇಸಿಗೆಯಲ್ಲಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆರು ತಿಂಗಳ ಮಗುವಿನ ಎದೆಯ ಸುತ್ತಳತೆ ಸುಮಾರು 43 ಸೆಂ.ಮೀ. ಅದಕ್ಕೆ 5 ಸೆಂ.ಮೀ. ಸಡಿಲ ಸೇರಿಸಿ. ಸಂಶಯ ಬಂದರೆ ದೊಡ್ಡ ಅಳತೆಯ ಕಡೆ ಹೋಗಿ, ತೋಳು ಮಡಚಬಹುದು.

ಮುಂದೆ ತೆರೆಯುವ ಸ್ವೆಟರೇ ಹೆಣೆಯಿರಿ. ತಲೆಯ ಮೇಲಿಂದ ಹಾಕುವುದು ಅಂದರೆ ಮಗು ಊರೆಲ್ಲ ಕೇಳುವಂತೆ ಅಳುತ್ತದೆ. ಮೊದಲಿಗೆ ತೋಳಿಲ್ಲದ್ದು ಮಾಡಿ. ನಮ್ಮ ಚಳಿಗೆ ಅದೇ ಹೆಚ್ಚು ಬಳಕೆಯಾಗುತ್ತದೆ. ಗುಂಡಿಗಳು ಚಪ್ಪಟೆ ಇರಲಿ, ಹೊಲಿಯಲು ಉಲ್ಲನ್ ಬೇಡ, ಗಟ್ಟಿ ಹೊಲಿಗೆ ದಾರ ಬಳಸಿ. ಹೊಲಿದ ಮೇಲೆ ನಿಮ್ಮ ಪೂರ್ತಿ ಶಕ್ತಿ ಹಾಕಿ ಎಳೆದು ನೋಡಿ.

ಕಾಲುಚೀಲಕ್ಕೆ ಹಿಮ್ಮಡಿ ತಿರುಗಿಸುವ ಕಷ್ಟ ಬೇಡ. ಬಾರ್ಡರ್ ಹೆಣಿಗೆಯಲ್ಲೇ ಉದ್ದ ಕೊಳವೆ ಹೆಣೆದು ತುದಿ ಮುಚ್ಚಿದರೆ ಯಾವ ಕಾಲಿಗೂ ಹೊಂದುತ್ತದೆ. ಮೊಣಕಾಲ ಹತ್ತಿರ ಬರುವಷ್ಟು ಉದ್ದವಿದ್ದರೆ ಒದ್ದರೂ ಬೇಗ ಬೀಳುವುದಿಲ್ಲ.

ಒಗೆದು ಕೊಡುವುದು

ಹೆಣೆದು ಮುಗಿದ ಕೂಡಲೇ ಒಗೆಯಿರಿ. ವಾರಗಟ್ಟಲೆ ನಿಮ್ಮ ಕೈಯಲ್ಲಿ, ಸೋಫಾ ಮೇಲೆ ಇದ್ದದ್ದು ಅದು. ಉಣ್ಣೆಯಾದರೆ ತಣ್ಣೀರಿನಲ್ಲಿ ಅಂಟುವಾಳದ ನೊರೆ ಒಳ್ಳೆಯದು. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತು ಉದ್ದವಾಗುತ್ತದೆ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿಸಲೇಬೇಡಿ. ಒಮ್ಮೆ ಚಪ್ಪಟೆಯಾದ ಎಳೆ ಮತ್ತೆ ಏಳುವುದಿಲ್ಲ.

ಎತ್ತಿಡುವಾಗ ನುಸಿಗುಳಿಗೆ ಹಾಕಬೇಡಿ. ಇದು ಅಸಡ್ಡೆ ಮಾಡುವ ಮಾತಲ್ಲ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಕೂಸುಗಳಿಗೆ ನುಸಿಗುಳಿಗೆಯಲ್ಲಿಟ್ಟ ಬಟ್ಟೆ ತೊಡಿಸಿದರೆ ನ್ಯಾಫ್ತಲೀನ್‌ನಿಂದ ಕೆಂಪು ರಕ್ತಕಣ ಒಡೆದು ತೀವ್ರ ಕಾಮಾಲೆ ಬರಬಹುದು. ಮಗುವಿಗೆ ಆ ಕೊರತೆ ಇದೆಯೇ ಅನ್ನುವುದು ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ. ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಕೊಡುವಾಗ ಒಂದು ಚೀಟಿಯಲ್ಲಿ ದಾರ ಯಾವುದು, ಹೇಗೆ ಒಗೆಯಬೇಕು ಬರೆದು, ಅದಕ್ಕೆ ಅದೇ ದಾರದ ಎರಡು ಮೊಳ ಸುತ್ತಿ ಇಡಿ. ಎಲ್ಲಾದರೂ ಎಳೆ ಬಿಚ್ಚಿದರೆ ಸರಿಮಾಡಲು ಬರುತ್ತದೆ.

ಮನೆಯಲ್ಲಿ ಕೂಸುಗಳು ಮುಗಿದು ಕೈ ಮಾತ್ರ ಸುಮ್ಮನಿರದೆ ಹೋದರೆ ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ ವಿಚಾರಿಸಿ. ತೂಕ ಕಡಿಮೆ ಇರುವ ಮಕ್ಕಳನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯಿತು, ಈಗ ನಮ್ಮ ಆಸ್ಪತ್ರೆಗಳಲ್ಲೂ ಇದೆ. ಆಗ ಮಗುವಿನ ಮೈಮೇಲೆ ಇರುವುದು ಟೋಪಿ, ಕಾಲುಚೀಲ, ನ್ಯಾಪಿ ಅಷ್ಟೇ. ಅಂಥ ಪುಟ್ಟ ತಲೆಗೆ ಮೇಲಿನ ಲೆಕ್ಕದಲ್ಲೇ 62 ಕುಣಿಕೆ ಹಾಕಿ, ನೇರ ಭಾಗ 8 ಸೆಂ.ಮೀ. ಹೆಣೆದು, "4 ಸೀದಾ, 2 ಒಟ್ಟಿಗೆ"ಯಿಂದ ಇಳಿಸಿ. ಒಂದು ಚೀಲ ತುಂಬ ಹೆಣೆದುಕೊಂಡು ಹೋಗುವ ಮುಂಚೆ ವಾರ್ಡಿನ ಸಿಸ್ಟರನ್ನು ಕೇಳಿ: ಹೊರಗಿನದ್ದು ತೆಗೆದುಕೊಳ್ಳುತ್ತೀರಾ, ಹತ್ತಿಯೋ ಉಲ್ಲನ್ನೋ, ಎಷ್ಟು ಬಿಸಿನೀರಿನಲ್ಲಿ ಒಗೆಯುತ್ತೀರಿ. ಅವರು ಹೇಳಿದ ದಾರವನ್ನೇ ಕೊಳ್ಳಿ.